ಪಾಠ ದೂರದ್ದು, ಕಲಿಕೆ ಹತ್ತಿರದ್ದು

2012ರ ಮಾರ್ಚ್‌ನಲ್ಲಿ ಅಮೆರಿಕದ ಎಂಐಟಿ ತನ್ನ ಎರಡನೇ ವರ್ಷದ ವಿದ್ಯಾರ್ಥಿಗಳಿಗೆ ಕಲಿಸುವ ‘ಸರ್ಕಿಟ್ಸ್ ಅಂಡ್ ಎಲೆಕ್ಟ್ರಾನಿಕ್ಸ್’ ಪಾಠವನ್ನು ಇಂಟರ್‌ನೆಟ್ ಮೂಲಕ ಇಡೀ ಜಗತ್ತಿಗೆ ತೆರೆಯಿತು. ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯಿಲ್ಲ, ವಯಸ್ಸಿನ ಕಟ್ಟುಪಾಡಿಲ್ಲ. ಪಾಠದ ಮುಂದಾಳು, ಮಂಗಳೂರಿನಲ್ಲಿ ಶಾಲೆ ಕಲಿತು ಮುಂದೆ ಎಂಐಟಿಯ ಪ್ರಾಧ್ಯಾಪಕರಾದ ಅನಂತ್ ಅಗರ್ವಾಲ್. ಹೆಸರು ಬರೆಸಿದವರು ಸುಮಾರು 1,55,000 ಮಂದಿ. ಕೊನೆಗೆ ಪಾಸಾಗಿ ಪ್ರಮಾಣಪತ್ರ ಪಡೆದವರು 7,157. ಪೂರ್ತಿ ಅಂಕ ಗಳಿಸಿದವರು ಸುಮಾರು 340. ಅವರಲ್ಲೊಬ್ಬ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ಹದಿನೈದು ವರ್ಷದ ಶಾಲಾ ಹುಡುಗ.

ಆ ಹುಡುಗನ ಸುದ್ದಿ ದೇಶದೇಶಗಳ ಪತ್ರಿಕೆಗಳಲ್ಲಿ ಬಂತು. ಮುಂದೆ ಅವನಿಗೆ ಎಂಐಟಿಯಲ್ಲೇ ಸೀಟು ಸಿಕ್ಕಿತು. ಪ್ರತಿಭೆ ಎಲ್ಲೇ ಇರಲಿ, ಒಂದು ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಇದ್ದರೆ ಅದು ಬೆಳಕಿಗೆ ಬಂದೇ ಬರುತ್ತದೆ ಎಂದು ಎಲ್ಲರೂ ಸಂಭ್ರಮಿಸಿದರು. ಆದರೆ ಸುದ್ದಿಯ ಇನ್ನರ್ಧಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಆ ಶಾಲೆಯ ಪ್ರಾಂಶುಪಾಲರು ಸ್ವತಃ ಎಂಐಟಿಯಲ್ಲಿ ಓದಿ ಬಂದವರು. ತಮ್ಮ ಮಕ್ಕಳಿಗೆ ಈ ಪಾಠ ದಕ್ಕಬೇಕೆಂದು ಪಟ್ಟು ಹಿಡಿದವರು ಅವರೇ. ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಪರಿಚಯದವರೊಬ್ಬರನ್ನು ಅವರು ಶಾಲೆಗೆ ಕರೆಸಿಕೊಂಡರು. ಆತ ಸೂಟ್‌ಕೇಸುಗಳಲ್ಲಿ ಲ್ಯಾಬಿನ ಸಾಮಾನು ಹೊತ್ತು ಬಂದು ಕೆಲವು ವಾರ ಅಲ್ಲೇ ಉಳಿದರು. ಇಪ್ಪತ್ತರಷ್ಟು ಮಕ್ಕಳು ವಿಡಿಯೊದಲ್ಲಿ ಕಂಡ ಸರ್ಕಿಟ್‌ಗಳನ್ನು ಅವರ ಜೊತೆ ಕೂತು ಕೈಯಾರೆ ಜೋಡಿಸಿ ನೋಡಿದರು.

ಇದರಿಂದ ಹುಡುಗನ ಪ್ರತಿಭೆ ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಪಾಠ ಸಾವಿರಾರು ಮೈಲಿ ದಾಟಿ ಬಂತು, ಕಲಿಕೆ ಮಾತ್ರ ಶಾಲೆಯ ಒಂದು ಕೋಣೆಯಲ್ಲಿ, ಗುರುತಿರುವ ಮುಖಗಳ ನಡುವೆ ನಡೆಯಿತು. ಉಚಿತ ಆನ್‌ಲೈನ್ ಕೋರ್ಸ್‌ಗಳ ಎರಡು ದಶಕದ ಅನುಭವವನ್ನು ಹಿಂಡಿದರೆ ಕೈಯಲ್ಲಿ ಉಳಿಯುವುದು ಇಷ್ಟೇ ಎಂದು ನಾನು ನಂಬಿದ್ದೇನೆ. ದೂರದಿಂದ ಬರಬೇಕಾದ್ದಕ್ಕೆ ನಾವು ಬಹಳ ಹಣ, ಬಹಳ ಬುದ್ಧಿ ಖರ್ಚು ಮಾಡಿದ್ದೇವೆ. ಹತ್ತಿರದಲ್ಲಿ ಇರಬೇಕಾದ್ದರ ಕಡೆಗೆ ಗಮನ ಕೊಟ್ಟಿಲ್ಲ.

ವಿಶ್ವವಿದ್ಯಾಲಯದ ಪಾಠವನ್ನು ಎಲ್ಲರಿಗೂ ಬಿಟ್ಟುಕೊಡುವ ಯೋಚನೆ 2012ಕ್ಕಿಂತ ಹಳೆಯದು. ತನ್ನ ಕೋರ್ಸುಗಳ ಟಿಪ್ಪಣಿ, ಲೆಕ್ಕ, ಪ್ರಶ್ನೆಪತ್ರಿಕೆಗಳನ್ನೆಲ್ಲ ಯಾರು ಬೇಕಾದರೂ ನೋಡುವಂತೆ ಹಾಕುವುದಾಗಿ ಎಂಐಟಿ 2001ರ ಏಪ್ರಿಲ್‌ನಲ್ಲಿ ಘೋಷಿಸಿತು. ಅದು ‘ಓಪನ್‌ಕೋರ್ಸ್‌ವೇರ್’. 2002ರಲ್ಲಿ ಯುನೆಸ್ಕೊ ನಡೆಸಿದ ಸಭೆಯಲ್ಲಿ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಬಳಕೆಗೆ ಬಂತು. ಭಾರತವೂ ಹಿಂದೆ ಬೀಳಲಿಲ್ಲ. ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟೆಲ್ ಆರಂಭಿಸಿದವು. ಎಂಜಿನಿಯರಿಂಗ್ ಓದುವವರಿಗೆ, ಓದಿಸುವವರಿಗೆ ಐಐಟಿ ಪ್ರಾಧ್ಯಾಪಕರ ತರಗತಿಗಳು ಮನೆಯಲ್ಲೇ ಸಿಗತೊಡಗಿದವು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ 1,60,000 ಮಂದಿ ಹೆಸರು ಬರೆಸಿದ ಮೇಲೆ ಜಗತ್ತಿಗೆ ಹುರುಪೋ ಹುರುಪು. ಮರುವರ್ಷ ಕೋರ್ಸೆರಾ, ಯುಡಾಸಿಟಿ, ಎಡೆಕ್ಸ್ ಮೂರೂ ಬಂದವು. ಇಂಥ ಕೋರ್ಸುಗಳಿಗೆ ಮೂಕ್ ಎಂಬ ಹೆಸರು ನಿಂತಿತು. ನಮ್ಮ ಕೇಂದ್ರ ಸರ್ಕಾರದ ‘ಸ್ವಯಂ’ 2017ರ ಜುಲೈ 9ರಂದು ಉದ್ಘಾಟನೆಯಾಯಿತು. ಇಂಟರ್‌ನೆಟ್ ಇಲ್ಲದವರಿಗೆಂದು ಅಂದೇ ‘ಸ್ವಯಂ ಪ್ರಭಾ’ ಹೆಸರಿನಲ್ಲಿ 32 ಡಿಟಿಎಚ್ ಚಾನೆಲ್‌ಗಳೂ ಬಂದವು.

ಕನ್ನಡ ನಾಡಿನಲ್ಲಂತೂ ಈ ಆಸೆಗೆ ಇನ್ನೂ ಹಳೆಯ ಬೇರಿದೆ. 1930ರ ದಶಕದಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು. ಆ ಮಾತುಗಳೇ ಅಗ್ಗದ ಬೆಲೆಯ ಸಣ್ಣ ಪುಸ್ತಕಗಳಾಗಿ ಜನರ ಕೈ ಸೇರಿದವು. ಕುವೆಂಪು ಉಪಕುಲಪತಿಗಳಾಗಿದ್ದಾಗ ಈ ಕೆಲಸ ನಡೆಸುವ ವಿಭಾಗವಾದ ಪ್ರಸಾರಾಂಗಕ್ಕೆ ಹೊಸ ಬಲ ಬಂತು. 1969ರಲ್ಲಿ ಅದೇ ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ ಶುರುಮಾಡಿತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಪ್ರಚಾರೋಪನ್ಯಾಸದಲ್ಲಿ ಮೇಷ್ಟ್ರೇ ಊರಿಗೆ ಬರುತ್ತಿದ್ದರು. ಅರ್ಥವಾಗದಿದ್ದರೆ ಎದ್ದು ಕೇಳಬಹುದಿತ್ತು. ಅಂಚೆ ತೆರಪಿನವರಿಗೆ ಸಂಪರ್ಕ ತರಗತಿಗಳಿದ್ದವು. ಕಚೇರಿಗೆ ರಜೆ ಹಾಕಿ ಬಸ್ಸು ಹತ್ತಿ ಬಂದ ಗುಮಾಸ್ತರು, ಶಾಲಾ ಶಿಕ್ಷಕಿಯರು ಅಲ್ಲಿ ಒಬ್ಬರಿಗೊಬ್ಬರು ಪರಿಚಯವಾಗಿ, ನೋಟ್ಸ್ ಹಂಚಿಕೊಂಡು, ಪರೀಕ್ಷೆಯ ಭಯವನ್ನೂ ಹಂಚಿಕೊಂಡು ಹೋಗುತ್ತಿದ್ದರು. ಅಂದಿನ ವ್ಯವಸ್ಥೆಯಲ್ಲಿ ಕೊರತೆಗಳು ಬೇಕಾದಷ್ಟಿದ್ದವು. ಕಲಿಯುವವನಿಗೆ ಜೊತೆ ಬೇಕೆಂಬ ತಿಳಿವಳಿಕೆಗೆ ಮಾತ್ರ ಕೊರತೆಯಿರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎಂಐಟಿ ಮತ್ತು ಹಾರ್ವರ್ಡ್ 2012ರಿಂದ 2018ರವರೆಗೆ ಎಡೆಕ್ಸ್‌ನಲ್ಲಿ ನಡೆಸಿದ ಕೋರ್ಸುಗಳ ಮಾಹಿತಿಯನ್ನು ಇಬ್ಬರು ಸಂಶೋಧಕರು ಪರಿಶೀಲಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೋರ್ಸಿನ ಒಳಗೆ ಕಾಲೇ ಇಟ್ಟಿರಲಿಲ್ಲ. 2017–18ರಲ್ಲಿ ಕೋರ್ಸ್ ಮುಗಿಸಿದವರು ಶೇ 3ರಷ್ಟು ಮಾತ್ರ. ವರ್ಷಗಳು ಕಳೆದರೂ ಈ ಪ್ರಮಾಣ ಮೇಲೇರಿರಲಿಲ್ಲ. ಆದರೆ ಹಣ ಕೊಟ್ಟು ಪ್ರಮಾಣಪತ್ರಕ್ಕೆ ನೋಂದಾಯಿಸಿಕೊಂಡವರಲ್ಲಿ ಅದೇ ವರ್ಷ ಶೇ 46ರಷ್ಟು ಮಂದಿ ಮುಗಿಸಿದ್ದರು.

ಮುಗಿಸದವರೆಲ್ಲ ಸೋತವರೆಂದು ಇದರಿಂದ ತೀರ್ಮಾನಿಸಬಾರದು. ಗ್ರಂಥಾಲಯಕ್ಕೆ ಹೋದವರೆಲ್ಲ ತೆಗೆದ ಪುಸ್ತಕವನ್ನು ಕೊನೆಯ ಪುಟದವರೆಗೆ ಓದುವುದಿಲ್ಲ, ಅದಕ್ಕಾಗಿ ಗ್ರಂಥಾಲಯವನ್ನು ಯಾರೂ ದೂರುವುದಿಲ್ಲ. ನಾಳೆ ಬೆಳಿಗ್ಗೆ ಥರ್ಮೊಡೈನಾಮಿಕ್ಸ್‌ನ ಒಂದು ಅಧ್ಯಾಯ ಪಾಠ ಮಾಡಬೇಕಾದ ಉಪನ್ಯಾಸಕಿ ರಾತ್ರಿ ಕುಳಿತು ಆ ಅಧ್ಯಾಯದ ಎರಡು ವಿಡಿಯೊ ಮಾತ್ರ ನೋಡುತ್ತಾರೆ. ಆಕೆಗೆ ಬೇಕಾದ್ದು ಸಿಕ್ಕಿತು, ಆಕೆಯ ಅರವತ್ತು ವಿದ್ಯಾರ್ಥಿಗಳಿಗೂ ಸಿಕ್ಕಿತು. ‘ಗೇಟ್’ ಪರೀಕ್ಷೆಗೆ ಓದುವ ಹುಡುಗ ತನಗೆ ಕಷ್ಟವಾದ ವಿಷಯವನ್ನಷ್ಟೇ ಹುಡುಕಿ ನೋಡುತ್ತಾನೆ. ಸಣ್ಣ ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೀಗೆ ಎನ್‌ಪಿಟೆಲ್ ಮಾಡಿರುವ ಉಪಕಾರ ಯಾವ ಅಂಕಿಅಂಶದಲ್ಲೂ ಪೂರ್ತಿ ಕಾಣುವುದಿಲ್ಲ. ಅದನ್ನು ಮನಸಾರೆ ಒಪ್ಪಬೇಕು.

ನನ್ನ ಆತಂಕ ಬೇರೆ ಕಡೆಗಿದೆ. ಈ ಉಚಿತ ಪಾಠದಿಂದ ಯಾರಿಗೆ ಉಪಕಾರವಾಗುತ್ತಿದೆ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಕೋರ್ಸೆರಾದಲ್ಲಿ ತಮ್ಮ ಕೋರ್ಸುಗಳನ್ನು ತೆಗೆದುಕೊಂಡವರನ್ನು ಸಮೀಕ್ಷೆ ಮಾಡಿ 2013ರಲ್ಲಿ ಫಲಿತಾಂಶ ಹೊರತಂದರು. ಐದರಲ್ಲಿ ನಾಲ್ವರು ಆಗಲೇ ಪದವಿ ಪಡೆದವರು. ಭಾರತ, ಚೀನಾ, ಬ್ರೆಜಿಲ್‌ನಂಥ ದೇಶಗಳಲ್ಲಂತೂ ಸುಮಾರು ಶೇ 80 ಮಂದಿ ಆ ದೇಶದ ಅತಿ ಸ್ಥಿತಿವಂತ, ಅತಿ ವಿದ್ಯಾವಂತ ಶೇ 6ರಷ್ಟು ಜನರ ವರ್ಗದಿಂದ ಬಂದವರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿ, ಯುಡಾಸಿಟಿ ಜೊತೆ ಸೇರಿ ಗಣಿತದ ತಳಹದಿಯ ಕೋರ್ಸುಗಳನ್ನು ಆನ್‌ಲೈನಿನಲ್ಲಿ ನಡೆಸಿತು. ಗಣಿತದಲ್ಲಿ ಹಿಂದುಳಿದವರು, ಇನ್ನೂ ಹೈಸ್ಕೂಲಿನಲ್ಲಿದ್ದವರು ಅದಕ್ಕೆ ಸೇರಿದರು. ಮೊದಲ ಸುತ್ತಿನಲ್ಲಿ ಪಾಸಾದವರ ಪ್ರಮಾಣ ತರಗತಿಯಲ್ಲಿ ಕಲಿತವರಿಗಿಂತ ಬಹಳ ಕೆಳಗಿತ್ತು. ಜುಲೈಯಲ್ಲಿ ಪ್ರಯೋಗಕ್ಕೆ ವಿರಾಮ ಹಾಕಬೇಕಾಯಿತು. ಓದುವುದು ಹೇಗೆಂದು ಆಗಲೇ ಗೊತ್ತಿರುವವರಿಗೆ ಉಚಿತ ಪಾಠದಿಂದ ಇನ್ನಷ್ಟು ಲಾಭ. ಅದು ಯಾರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಿತ್ತೋ ಅವರೇ ಅರ್ಧ ದಾರಿಯಲ್ಲಿ ಉಳಿಯುತ್ತಾರೆ. ಇದು ಅನ್ಯಾಯ, ಮತ್ತು ಸರಿಪಡಿಸಬಹುದಾದ ಅನ್ಯಾಯ.

ಸರಿಪಡಿಸುವ ಬಗೆ ಎನ್‌ಪಿಟೆಲ್‌ನ ಒಳಗೇ ಇದೆ. 2014ರಿಂದ ಅದು ಪ್ರಮಾಣಪತ್ರದ ಕೋರ್ಸುಗಳನ್ನು ನಡೆಸುತ್ತಿದೆ. ಕೋರ್ಸ್ ನಾಲ್ಕು, ಎಂಟು ಅಥವಾ ಹನ್ನೆರಡು ವಾರದ್ದು. ವಾರವಾರ ವಿಡಿಯೊ, ವಾರವಾರ ಅಸೈನ್‌ಮೆಂಟ್, ಕೊನೆಗೆ ನಿಗದಿತ ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಎದುರು ಬರೆಯುವ ಪರೀಕ್ಷೆ. ಪಾಠ ಉಚಿತ, ಪರೀಕ್ಷೆಗೆ ಸಾವಿರ ರೂಪಾಯಿಯ ಆಸುಪಾಸು ಶುಲ್ಕ. ಅಂತಿಮ ಅಂಕದಲ್ಲಿ ಅಸೈನ್‌ಮೆಂಟಿಗೆ ಶೇ 25, ಪರೀಕ್ಷೆಗೆ ಶೇ 75. ಇದಕ್ಕಾಗಿ ಕಾಲೇಜುಗಳಲ್ಲಿ ‘ಲೋಕಲ್ ಚಾಪ್ಟರ್’ ಇರುತ್ತದೆ, ಅದನ್ನು ನೋಡಿಕೊಳ್ಳಲು ಒಬ್ಬ ಅಧ್ಯಾಪಕರು, ಕೋರ್ಸಿಗೊಬ್ಬ ಮೆಂಟರ್ ಇರುತ್ತಾರೆ.

ಈ ಮೆಂಟರ್ ಎಂಬ ವ್ಯಕ್ತಿ ನಿಜಕ್ಕೂ ಕೆಲಸ ಮಾಡುವ ಕಾಲೇಜಿಗೂ, ಹೆಸರು ಬರೆದುಕೊಂಡು ಸುಮ್ಮನಿರುವ ಕಾಲೇಜಿಗೂ ಅಜಗಜಾಂತರ. ಎರಡನೆಯ ಬಗೆಯಲ್ಲಿ ಆಗುವುದನ್ನು ಹಾಸ್ಟೆಲಿನಲ್ಲಿ ಇದ್ದವರೆಲ್ಲ ಬಲ್ಲರು. ಅಸೈನ್‌ಮೆಂಟಿನ ಕೊನೆಯ ರಾತ್ರಿ ಉತ್ತರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದು ಬೀಳುತ್ತವೆ. ಆ ವಾರದ ಉತ್ತರ ಹೇಳುವುದಕ್ಕೆಂದೇ ಯೂಟ್ಯೂಬ್ ಚಾನೆಲ್‌ಗಳಿವೆ. ಹತ್ತು ಟಿಕ್ ಹಾಕಿದರೆ ಆ ವಾರ ಮುಗಿಯಿತು. ವಿಡಿಯೊ ತೆರೆಯುವುದು ಪರೀಕ್ಷೆಯ ಹಿಂದಿನ ವಾರ, ಅದೂ ಎರಡು ಪಟ್ಟು ವೇಗದಲ್ಲಿ. ಮೊದಲನೆಯ ಬಗೆಯ ಕಾಲೇಜಿನಲ್ಲಿ ವಾರಕ್ಕೊಂದು ಗಂಟೆ ಕೋರ್ಸ್ ತೆಗೆದುಕೊಂಡವರೆಲ್ಲ ಒಂದು ಕೊಠಡಿಯಲ್ಲಿ ಸೇರುತ್ತಾರೆ. ಮೂರನೇ ಪ್ರಶ್ನೆಯಲ್ಲಿ ನನ್ನ ಉತ್ತರ ಯಾಕೆ ತಪ್ಪು ಎಂದು ಒಬ್ಬಳು ಕೇಳುತ್ತಾಳೆ. ಇನ್ನೊಬ್ಬ ಬೋರ್ಡಿಗೆ ಹೋಗಿ ಬಿಡಿಸುತ್ತಾನೆ, ಅರ್ಧದಲ್ಲಿ ಸಿಕ್ಕಿಕೊಳ್ಳುತ್ತಾನೆ, ಆಗ ಮೆಂಟರ್ ಒಂದು ಸಾಲು ಸೂಚಿಸುತ್ತಾರೆ. ವಿಡಿಯೊ ಎರಡೂ ಕಡೆ ಅದೇ, ಪ್ರಾಧ್ಯಾಪಕರೂ ಅವರೇ. ಆ ಒಂದು ಗಂಟೆಯಿಂದ ಇಡೀ ಕೋರ್ಸಿನ ಹಣೆಬರಹ ಬದಲಾಗುತ್ತದೆ.

ಜೊತೆಯಿಲ್ಲದಿರುವುದು ಮೊದಲ ತೊಡಕಾದರೆ ಎರಡನೆಯದು ಭಾಷೆಯದು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ವಿಷಯವೂ ಹೊಸದು, ಇಂಗ್ಲಿಷಿನ ವೇಗವೂ ಹೊಸದು. ಎನ್‌ಪಿಟೆಲ್ ಪಾಠಗಳ ಬರಹರೂಪವನ್ನು ಕನ್ನಡವೂ ಸೇರಿ 11 ಭಾರತೀಯ ಭಾಷೆಗಳಿಗೆ ತರುವ ಕೆಲಸ ನಡೆದಿದೆ. ಒಳ್ಳೆಯದು, ಆದರೆ ಸಾಲದು. ಯಂತ್ರಾನುವಾದ ಈಗ ಬಹಳ ಸುಧಾರಿಸಿದೆ. ಆದರೂ ಅನುವಾದಿಸಿದ ವಾಕ್ಯ ಸರಿಯಿದ್ದ ಮಾತ್ರಕ್ಕೆ ಅದು ಪಾಠವಾಗುವುದಿಲ್ಲ. ನಮ್ಮ ಮಕ್ಕಳು ಎಡವುವ ಜಾಗ ಬೇರೆ ಇರುತ್ತದೆ, ಅಲ್ಲಿ ನಿಂತು ಇನ್ನೊಮ್ಮೆ ಹೇಳಬೇಕಾಗುತ್ತದೆ. ಈ ವಿಷಯದಲ್ಲಿ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ನನಗೆ ಬಹಳ ಮೆಚ್ಚುಗೆಯಾದದ್ದು. ಕಂಪ್ಯೂಟರಿನ ಮುಕ್ತ ತಂತ್ರಾಂಶಗಳನ್ನು ಹತ್ತು ನಿಮಿಷದ ಆಸುಪಾಸಿನ ಸಣ್ಣ ಪಾಠಗಳಲ್ಲಿ ಕಲಿಸುವ ಯೋಜನೆ ಅದು. ಧ್ವನಿ ಕನ್ನಡದಲ್ಲಿ ಬರುತ್ತದೆ, ಪರದೆಯ ಮೇಲಿನ ಆದೇಶಗಳು ಇಂಗ್ಲಿಷಿನಲ್ಲೇ ಇರುತ್ತವೆ, ಏಕೆಂದರೆ ನಾಳೆ ಕೆಲಸದಲ್ಲಿ ಎದುರಾಗುವುದು ಆ ಇಂಗ್ಲಿಷ್ ಪದಗಳೇ. ಒಂದು ಕಿಟಕಿಯಲ್ಲಿ ಪಾಠ, ಪಕ್ಕದ ಕಿಟಕಿಯಲ್ಲಿ ತಂತ್ರಾಂಶ. ನೋಡುತ್ತ ನೋಡುತ್ತ ಮಾಡಬೇಕು. ಪಾಠದ ಸ್ಕ್ರಿಪ್ಟನ್ನು ವಿಷಯ ಗೊತ್ತಿಲ್ಲದವರ ಕೈಗೆ ಮೊದಲು ಕೊಟ್ಟು, ಅವರಿಗೆ ಅರ್ಥವಾದರೆ ಮಾತ್ರ ಮುಂದಕ್ಕೆ ಹೋಗುತ್ತಾರೆ. ಕಲಿಯುವವರ ಮೇಲಿನ ಗೌರವ ಎಂದರೆ ಇದು.

ಮೂರನೆಯದು ಒಡೆತನದ ಪ್ರಶ್ನೆ. ಉಚಿತವಾದುದೆಲ್ಲ ಮುಕ್ತವಲ್ಲ. ಕೋರ್ಸೆರಾ ತನ್ನ ಹಳೆಯ ವೇದಿಕೆಯನ್ನು 2016ರ ಜೂನ್‌ನಲ್ಲಿ ಮುಚ್ಚಿದಾಗ ನೂರಾರು ಕೋರ್ಸುಗಳು ಅದರೊಂದಿಗೆ ಕಣ್ಮರೆಯಾದವು. ಲಾಭರಹಿತ ಸಂಸ್ಥೆಯಾಗಿ ಹುಟ್ಟಿದ ಎಡೆಕ್ಸ್ 2021ರಲ್ಲಿ 80 ಕೋಟಿ ಡಾಲರಿಗೆ ‘ಟುಯು’ ಎಂಬ ಕಂಪನಿಗೆ ಮಾರಾಟವಾಯಿತು. ಆ ಕಂಪನಿ 2024ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಇವೆಲ್ಲ ವ್ಯಾಪಾರದಲ್ಲಿ ಆಗುವಂಥವೇ. ಆದರೆ ಒಂದು ನಾಡಿನ ಕಲಿಕೆ ಇನ್ನೊಬ್ಬರ ಲಾಭನಷ್ಟದ ಮೇಲೆ ನಿಲ್ಲಬಾರದು. ಕ್ರಿಯೇಟಿವ್ ಕಾಮನ್ಸ್‌ನಂಥ ಪರವಾನಗಿಯ ಅಡಿಯಲ್ಲಿ ಬಿಟ್ಟುಕೊಟ್ಟ ಪಾಠವನ್ನು ಇಳಿಸಿಕೊಳ್ಳಬಹುದು, ನಕಲು ಮಾಡಿ ಹಂಚಬಹುದು. ಪರವಾನಗಿ ಒಪ್ಪುವುದಾದರೆ ಕನ್ನಡಕ್ಕೆ ತಂದು, ನಮ್ಮ ಉದಾಹರಣೆ ಸೇರಿಸಿ ಮತ್ತೆ ಬಿಟ್ಟುಕೊಡಬಹುದು. ಈ ದಾರಿಯಲ್ಲಿ ನಮ್ಮವರೇ ನಡೆದು ತೋರಿಸಿದ್ದಾರೆ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಜೊತೆಗೂಡಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ವಿಕಿ ಮಾದರಿಯಲ್ಲಿ ಪಾಠಸಾಮಗ್ರಿ ಬರೆದರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿದರು. ಮೇಲಿನಿಂದ ಬಂದ ಪಾಠವನ್ನು ಒಪ್ಪಿಸುವವರಾಗಿದ್ದ ಶಿಕ್ಷಕರು ಅಲ್ಲಿ ಪಾಠ ಕಟ್ಟುವವರಾದರು.

ಇನ್ನೊಂದು ಅಪಾಯವನ್ನು ಸ್ಪಷ್ಟವಾಗಿ ಹೇಳಲೇಬೇಕು. ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ‘ಸ್ವಯಂ’ ಮೂಲಕ ಮುಗಿಸಿ ಕ್ರೆಡಿಟ್ ಪಡೆಯಲು 2021ರ ಯುಜಿಸಿ ನಿಯಮ ಅವಕಾಶ ಕೊಡುತ್ತದೆ. 2016ರ ನಿಯಮದಲ್ಲಿ ಈ ಮಿತಿ ಶೇ 20 ಇತ್ತು. ತಮ್ಮ ಕಾಲೇಜಿನಲ್ಲಿ ಇಲ್ಲದ ವಿಷಯವನ್ನು ವಿದ್ಯಾರ್ಥಿ ಕಲಿಯುವಂತಾದರೆ ಅದು ವರ. ಆದರೆ ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಎಷ್ಟೋ ವಿಭಾಗಗಳು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ‘ಸ್ವಯಂ’ನಲ್ಲಿ ಪಾಠವಿದೆಯಲ್ಲ ಎಂದು ಕಾರ್ಯಭಾರ ಕಡಿತ ಮಾಡಿ, ಖಾಲಿ ಹುದ್ದೆಯನ್ನು ಖಾಲಿಯೇ ಬಿಡುವ ಯೋಚನೆ ಯಾರಿಗಾದರೂ ಬಂದರೆ ವರವೇ ಶಾಪವಾಗುತ್ತದೆ. ಆನ್‌ಲೈನ್ ಪಾಠಕ್ಕೆ ಅಧ್ಯಾಪಕರ ಅಗತ್ಯ ಕಡಿಮೆಯಾಗುವುದಿಲ್ಲ, ಅವರ ಕೆಲಸದ ಬಗೆ ಬದಲಾಗುತ್ತದೆ. ಮೆಂಟರ್ ಆಗಿ ಕಳೆಯುವ ಗಂಟೆಯನ್ನು ತರಗತಿಯ ಗಂಟೆಯಂತೆಯೇ ಕಾರ್ಯಭಾರದಲ್ಲಿ ಎಣಿಸಬೇಕು, ಅದಕ್ಕೆ ಸಂಬಳವೂ ಸಿಗಬೇಕು.

ಮನೆಯ ಸ್ಥಿತಿಯನ್ನೂ ಮರೆಯುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ್ದೇವೆ ಎಂದ ಪುರುಷರು ಶೇ 57, ಮಹಿಳೆಯರು ಶೇ 33. ಆಮೇಲೆ ಮೊಬೈಲ್ ಇನ್ನಷ್ಟು ಹರಡಿದೆ. ಆದರೆ ಮನೆಗೊಂದೇ ಇರುವ ಒಳ್ಳೆಯ ಫೋನು ಮೊದಲು ಯಾರ ಕೈಗೆ ಹೋಗುತ್ತದೆ, ಸಂಜೆಯ ಅಡುಗೆ ಕೆಲಸ ಯಾರ ಪಾಲಿಗೆ ಬರುತ್ತದೆ ಎಂಬುದು ಸಿಗ್ನಲ್ ಬಂದ ಮಾತ್ರಕ್ಕೆ ಬದಲಾಗುವುದಿಲ್ಲ. ಕೊರೊನಾ ಕಾಲದಲ್ಲಿ ಇದನ್ನು ಕಣ್ಣಾರೆ ಕಂಡೆವು. ಶಾಲೆಗಳು ಮುಚ್ಚಿದ್ದಾಗ, ಫೋನಿನಲ್ಲಿ ಪಾಠ ಎಲ್ಲರಿಗೂ ತಲುಪದೆಂದು ಗೊತ್ತಾದಾಗ, 2020ರ ಆಗಸ್ಟ್‌ನಲ್ಲಿ ಕರ್ನಾಟಕ ‘ವಿದ್ಯಾಗಮ’ ಆರಂಭಿಸಿತು. ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು. ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ನಡೆಯಿತು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಕಲಿಕೆಗೆ ಒಂದು ಜಾಗ, ಒಂದು ಹೊತ್ತು, ಒಬ್ಬ ಮನುಷ್ಯ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆ ಜಾಗ ನಮ್ಮ ಹಳ್ಳಿಗಳಲ್ಲಿ ಈಗಲೇ ಇದೆ. ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ ಹಲವು ಕಡೆ ಹೊಸ ರೂಪ ಪಡೆದಿವೆ. ಈಗ ಅವುಗಳ ಹೆಸರು ‘ಅರಿವು ಕೇಂದ್ರ’. ಮಕ್ಕಳಿಗೆ ಸದಸ್ಯತ್ವ ಉಚಿತ. ಕಂಪ್ಯೂಟರ್, ಇಂಟರ್‌ನೆಟ್ ಇರುವ ಕೇಂದ್ರಗಳು ಹೆಚ್ಚುತ್ತಿವೆ. ಉಚಿತ ಕೋರ್ಸುಗಳನ್ನು ಈ ಕೇಂದ್ರಗಳ ಜೊತೆ ಜೋಡಿಸಬೇಕು ಎಂಬುದೇ ನನ್ನ ಒತ್ತಾಯ. ಹೋಬಳಿಗೊಂದು ಕೇಂದ್ರ ಆರಿಸಿಕೊಂಡು ಶುರುಮಾಡಲಿ. ಒಂದು ಹೊತ್ತಿಗೆ ಒಂದೇ ಕೋರ್ಸ್, ಹತ್ತು ಹದಿನೈದು ಜನರ ಗುಂಪು, ವಾರಕ್ಕೆ ಎರಡು ಸಂಜೆ. ಪದವಿ ಮುಗಿಸಿ ಊರಲ್ಲೇ ಇರುವ ಒಬ್ಬ ಯುವತಿಗೆ ಅಥವಾ ಯುವಕನಿಗೆ ಗೌರವಧನ ಕೊಟ್ಟು ಮೆಂಟರ್ ಮಾಡಲಿ, ಹತ್ತಿರದ ಪದವಿ ಕಾಲೇಜಿನ ಅಧ್ಯಾಪಕರೊಬ್ಬರು ಅವರಿಗೆ ಬೆನ್ನೆಲುಬಾಗಲಿ. ಪಾಠವನ್ನು ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಕೈಕೊಟ್ಟರೂ ತರಗತಿ ನಿಲ್ಲುವುದಿಲ್ಲ. ಪರೀಕ್ಷಾ ಕೇಂದ್ರ ತಾಲ್ಲೂಕಿಗೆ ಬರಲಿ. ಗುಂಪಿನೊಂದಿಗೆ ಕೋರ್ಸ್ ಮುಗಿಸಿದ ಗ್ರಾಮೀಣ ವಿದ್ಯಾರ್ಥಿಯ ಪರೀಕ್ಷಾ ಶುಲ್ಕವನ್ನು ಸರ್ಕಾರ ಭರಿಸಲಿ.

ವಿಶ್ವವಿದ್ಯಾಲಯಗಳಿಗೂ ಒಂದು ಕೆಲಸವಿದೆ. ಸಾರ್ವಜನಿಕರ ಹಣದಲ್ಲಿ ತಯಾರಾದ ಪಾಠ ಸಾರ್ವಜನಿಕರದ್ದೇ ಆಗಬೇಕು. ಕರ್ನಾಟಕದ ಪ್ರತಿ ವಿಶ್ವವಿದ್ಯಾಲಯ ವರ್ಷಕ್ಕೆ ಎರಡೇ ಎರಡು ಕೋರ್ಸುಗಳನ್ನು ಒಳ್ಳೆಯ ಕನ್ನಡದಲ್ಲಿ, ಮುಕ್ತ ಪರವಾನಗಿಯಲ್ಲಿ ಹೊರತಂದರೂ ಹತ್ತು ವರ್ಷಕ್ಕೆ ಕನ್ನಡದಲ್ಲಿ ಒಂದು ಪೂರ್ಣ ಪದವಿಯಷ್ಟು, ಅದಕ್ಕಿಂತಲೂ ಹೆಚ್ಚಿನ ಪಾಠ ನಿಲ್ಲುತ್ತದೆ. ಪ್ರಸಾರಾಂಗವನ್ನು ಕಟ್ಟಿದ ನಾಡಿಗೆ ಇದು ಮೀರಿದ ಕೆಲಸವಲ್ಲ.

ಇದಕ್ಕೆ ತಗಲುವ ಖರ್ಚಿನ ಬಹುಪಾಲು ಯಂತ್ರಗಳಿಗೆ ಹೋಗದೆ ಮನುಷ್ಯರಿಗೆ ಹೋಗಬೇಕು, ಮೆಂಟರುಗಳಿಗೆ, ಅನುವಾದಕರಿಗೆ, ಅಧ್ಯಾಪಕರಿಗೆ. ನಮ್ಮ ಯೋಜನೆಗಳಲ್ಲಿ ಟ್ಯಾಬ್ ಖರೀದಿಗೆ ಸಿಗುವ ಉತ್ಸಾಹ ಗೌರವಧನಕ್ಕೆ ಸಿಗುವುದಿಲ್ಲ. ಆ ಕ್ರಮ ಬದಲಾಗಲಿ. ಜಗತ್ತಿನ ಒಳ್ಳೆಯ ಪಾಠಗಳು ಈಗ ನಮಗೆ ಬಿಟ್ಟಿ ಸಿಗುತ್ತಿವೆ. ಅವನ್ನು ನಮ್ಮ ಮಕ್ಕಳ ಕಲಿಕೆಯಾಗಿ ಮಾಡುವ ಭಾಗಕ್ಕೆ ಹಣವೂ ಬೇಕು, ಹೊತ್ತೂ ಬೇಕು, ಅಕ್ಕರೆಯೂ ಬೇಕು. ಅದನ್ನು ನಮ್ಮ ಪರವಾಗಿ ಹೊರಗಿನವರು ಮಾಡಿಕೊಡಲಾರರು. ಮುಂದಿನ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಬರೆಯುವಂತೆ ನಮ್ಮ ಶಾಸಕರನ್ನು, ವಿಶ್ವವಿದ್ಯಾಲಯಗಳನ್ನು, ಪಂಚಾಯಿತಿಗಳನ್ನು ಕೇಳಬೇಕಾದವರು ನಾವೇ.